ಏಳು ಕಾವಲುಗಾರರು, ಒಬ್ಬ ಟೀಚರಮ್ಮ

"ಸೂಜಿ ಬಿದ್ದರೂ ಸದ್ದಾದೀತು, ನಾನು ನಡೆದರೆ ಆಗೋದಿಲ್ಲ!" ಎಂದು ತೊಂಬತ್ತು ಕಿಲೋ ತೂಕದ ಬಡಗಿ ಕನ್ನಡಿಯೆದುರು ಎದೆಯುಬ್ಬಿಸಿ ಘೋಷಿಸಿದ.

ಎರಡು ವರ್ಷದಿಂದ ಅವನು ಒಂದು ಕಂಪ್ಯೂಟರ್ ಆಟಕ್ಕಾಗಿ ಚಾತಕಪಕ್ಷಿಯಂತೆ ಕಾದಿದ್ದ. ದೊಡ್ಡ ಕಂಪನಿಯದ್ದಲ್ಲ, ಇಬ್ಬರು ಅಕ್ಕತಂಗಿಯರು ತಮ್ಮ ಊಟದ ಮೇಜಿನ ಮೇಲೇ ಕಟ್ಟುತ್ತಿದ್ದ ಆಟ. ಒಂದು ಅರಮನೆ, ಒಬ್ಬ ಕಳ್ಳ, ಏಳು ಕಾವಲುಗಾರರು. ಹೊಡೆದಾಟವಿಲ್ಲ. ಯಾವ ಬಾಗಿಲನ್ನು ಯಾವಾಗ ತೆರೆದರೆ ಸದ್ದಾಗದು ಎಂದು ತಲೆ ಓಡಿಸಿ ನುಸುಳಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಬಿಡುಗಡೆ!

ಅಡ್ಡಿ ಒಂದೇ: ಹೆಂಡತಿ. ಬೀದಿಯ ಮಕ್ಕಳೆಲ್ಲ ಟೀಚರಮ್ಮ ಎನ್ನುವ ಆಕೆ, ಪರೀಕ್ಷಾ ಕೊಠಡಿಯಲ್ಲಿ ಬೆನ್ನು ತಿರುಗಿಸಿ ನಿಂತೇ ಕಾಪಿ ಚೀಟಿ ಹಿಡಿಯುವವಳು.

"ಊರವರ ಬಾಗಿಲೆಲ್ಲ ಸರಿ ಮಾಡ್ತೀರಿ, ನಮ್ಮನೆ ಬಾಗಿಲು ಮೂರು ವರ್ಷದಿಂದ ಗೋಳಾಡ್ತಿವೆ. ರಿಪೇರಿ ಮುಗಿಯೋವರೆಗೂ ಆ ಆಟ ಮುಟ್ಟೋ ಹಾಗಿಲ್ಲ ರೀ!"

"ಆಯ್ತು ಕಣೇ, ಮುಟ್ಟಲ್ಲ" ಎಂದು ಮಾತು ಕೊಟ್ಟಿದ್ದ. ಇಡೀ ದಿನ ಮರ ಕೊಯ್ದು ಬಂದವನು ಮನೆಯಲ್ಲೂ ಉಳಿ ಹಿಡಿಯಬೇಕೇ? ಅದಕ್ಕಿಂತ ಭಾನುವಾರ ಆಕೆ ಊಟ ಮುಗಿಸಿ ಮಲಗಿದಾಗ, ಆಟದ ಕಳ್ಳನಂತೆಯೇ ಕಂಪ್ಯೂಟರ್ ಇರುವ ಮಹಡಿಗೆ ನುಸುಳಿ ಆಡುವುದು ಸುಲಭ ಎಂದುಕೊಂಡ.

ಸೋಮವಾರ ತಾಲೀಮು ಶುರು. ಮಲಗುವ ಕೋಣೆಯ ಬಾಗಿಲು ಮುಟ್ಟಿದ್ದೇ ತಡ, ಕಿರ್ರ್!

"ಎಲ್ಲಿಗೆ?"

"ನೀರು ಕುಡಿಯೋಕೆ ಕಣೇ!"

ಮರುದಿನ ಆಕೆ ಶಾಲೆಗೆ ಹೋದೊಡನೆ ಆ ಬಾಗಿಲಿನ ಕೀಲುಗಳಿಗೂ ಮಹಡಿಯ ಬಾಗಿಲಿನ ಕೀಲುಗಳಿಗೂ ಎಣ್ಣೆ ಬಿಟ್ಟ. ಬುಧವಾರ ನರಳುತ್ತಿದ್ದ ಮೆಟ್ಟಿಲ ಹಲಗೆಗಳಿಗೆ ಮೊಳೆ ಬಿಗಿದ. ಶನಿವಾರ, ನೆಲಕ್ಕೆ ಉಜ್ಜುತ್ತಿದ್ದ ನಡುಮನೆಯ ಬಾಗಿಲಿನ ಅಡಿ ಹೆರೆದ. ತಾನು ಮಾಡುತ್ತಿರುವುದೇ ರಿಪೇರಿ ಎಂಬುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ! ಅನುಮಾನ ಬಾರದಿರಲೆಂದು ವಾರವಿಡೀ ಕಂಪ್ಯೂಟರಿನ ಹತ್ತಿರವೂ ಸುಳಿಯಲಿಲ್ಲ.

ಭಾನುವಾರ ಬಂತು. ಊಟವಾಯಿತು, ಟೀಚರಮ್ಮ ಮಲಗಲು ಹೋದಳು. ಬಡಗಿ ನಡುಮನೆಯಲ್ಲಿ ಪೇಪರು ಹಿಡಿದು ಕಾದ. ಕಾದು ಕಾದು ತೂಕಡಿಸಿದ. ದಡಬಡಿಸಿ ಎದ್ದಾಗ ಮೂರಕ್ಕೆ ಐದೇ ನಿಮಿಷ! ಕೋಣೆಯೊಳಗೆ ಇಣುಕಿದ, ಹೊದಿಕೆಯ ಗುಡ್ಡೆ ಅಲುಗದೆ ಬಿದ್ದಿತ್ತು. ಮೂರು ಜೊತೆ ಕಾಲುಚೀಲ ಏರಿಸಿ ಮೆಟ್ಟಿಲು ಹತ್ತಿದ. ಒಂದು ಹಲಗೆಯೂ ಕಮಕ್ ಕಿಮಕ್ ಎನ್ನಲಿಲ್ಲ. ಭಲೇ!

ಆದರೆ ಮಹಡಿಯ ಬಾಗಿಲಿಗೆ ಧಾರಾಳವಾಗಿ ಸುರಿದ ಎಣ್ಣೆ ನೆಲಕ್ಕಿಳಿದು ಕಾದಿತ್ತು. ಕಾಲುಚೀಲ ಅದನ್ನು ಮುಟ್ಟಿತು. ಬಡಗಿ ಜಾರಿದ, ಛತ್ರಿಯ ಸ್ಟ್ಯಾಂಡನ್ನು ತಬ್ಬಿದ, ಅದರೊಂದಿಗೇ ಧಡಾರ್ ಎಂದು ಕಂಪ್ಯೂಟರಿನ ಕುರ್ಚಿಯ ಬುಡಕ್ಕೆ ಬಂದು ಬಿದ್ದ.

ಕುರ್ಚಿಯಲ್ಲಿ ಟೀಚರಮ್ಮ ಕೂತಿದ್ದಳು!

"ನೀನು... ಕೆಳಗೆ ಮಲಗಿದ್ಯಲ್ಲೇ?"

"ಅದು ದಿಂಬು. ನೀವು ಗೊರಕೆ ಹೊಡೀತಿದ್ದಾಗ ನಿಮ್ಮ ಮುಂದೇನೇ ಹತ್ತಿ ಬಂದೆ. ಎಂಥಾ ಕೆಲಸಗಾರಿಕೆ ರೀ! ಒಂದು ಬಾಗಿಲೂ ಕಿರ್ರ್ ಅನ್ಲಿಲ್ಲ."

ಪರದೆಯ ಮೇಲೆ ಎರಡೇ ಸಾಲು: "ಆಟ ಇನ್ನೂ ಹದಕ್ಕೆ ಬಂದಿಲ್ಲ. ದಯವಿಟ್ಟು ಆರು ತಿಂಗಳು ಕಾಯಿರಿ. ಇಂತಿ, ಅಕ್ಕ ಮತ್ತು ತಂಗಿ."

ಬಡಗಿಯ ಮುಖ ಬಾಡಿತು. ಮಗುವಿನಂತೆ ಅಳು ಬರುವುದೊಂದು ಬಾಕಿ. ಅವಳು ಕೆಳಗೆ ಕೂತು ಅವನ ಮೊಣಕಾಲು ನೀವಿದಳು.

"ಬೇಜಾರಾಗ್ಬೇಡಿ. ಬಂದ ದಿನ ಇಬ್ಬರೂ ಕೂತು ಆಡೋಣ. ಕಾವಲುಗಾರರ ಕಣ್ಣು ಎತ್ತ ಹೊರಳುತ್ತೆ ಅಂತ ನಾನು ಹೇಳ್ತೀನಿ. ಪಾಪ, ಬುಧವಾರ ಈ ಎರಡು ಸಾಲು ನೋಡಿದಾಗಲೇ ನನಗೂ ಸಂಕಟ ಆಯ್ತು."

"ಬುಧವಾರಾನೇ? ಅವತ್ತೇ ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳೋಣ ಅಂತಾನೇ ಬಂದೆ ರೀ. ಆದ್ರೆ ನಡುಮನೆ ಬಾಗಿಲು ಇನ್ನೂ ಬಾಕಿ ಇತ್ತಲ್ಲ!"