ಮಾಮನ ಸೊಟ್ಟ ನಾಮ

ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಊರೂರು ಅಲೆದವನು ನಾನು. ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಚೆನ್ನೈನ ಒಂದು ಕಣ್ಣಾಸ್ಪತ್ರೆಯ ಲೇಸರ್ ಕೋಣೆಯಲ್ಲಿ ಮಾತ್ರ ಮೂರು ವರ್ಷ ನಿಂತೆ. ದಿನಾ ನಗೋದಕ್ಕೆ ಅಲ್ಲಿ ಏನಾದರೊಂದು ಸಿಗುತ್ತಿತ್ತು.

೧. ಕನ್ನಡಿ

ಅಡ್ಯಾರಿನಿಂದ ಒಬ್ಬ ಅಯ್ಯಂಗಾರ್ ಮಾಮ ಬಂದರು. ಮೂಲ ಮೈಸೂರು ಕಡೆ. ಹಳೇ ಶುಗರ್. ಹಣೆಯಲ್ಲಿ ನಾಮ ಸೊಟ್ಟ.

"ಕನ್ನಡಿ ಸರಿ ಇಲ್ಲಪ್ಪಾ. ಮೂರು ಬದಲಾಯಿಸಿದೆ."

"ಮೂರೂ ಚೆನ್ನಾಗೇ ಇವೆ," ಅಂದರು ಜೊತೆಗೆ ಬಂದಿದ್ದ ಹೆಂಡತಿ, ಮಾಮಿ. "ನಾನು ಇಡ್ತೀನಿ ಅಂದ್ರೆ ಕೇಳಲ್ಲ. ಅರವತ್ತು ವರ್ಷದಿಂದ ತಮ್ಮ ಕೈಯಲ್ಲೇ ಇಟ್ಟಿದ್ದಂತೆ."

ಡಾಕ್ಟರಮ್ಮ ಪರೀಕ್ಷೆ ಮಾಡಿ, "ರೆಟಿನಾದ ನಡುವೆ ನೀರು ಸೋರ್ತಿದೆ ಮಾಮಾ, ಅದಕ್ಕೇ ನೆಟ್ಟಗಿರೋ ಗೆರೆ ಸೊಟ್ಟ ಕಾಣುತ್ತೆ. ಹೀಗೇ ಬಿಟ್ಟರೆ ನಾಮ ಹಾಗಿರಲಿ, ಮುಖವೇ ಕಾಣಲ್ಲ," ಅಂದರು.

ಮಾಮ ನನ್ನ ಕಡೆ ಬಗ್ಗಿದರು. ಮೆಲ್ಲಗೆ ಕೇಳಿದರು: "ಅಂಗಡಿಯವನು ಕನ್ನಡಿ ವಾಪಸ್ ತಗೋತಾನಾ?"

೨. ಹಳದಿ

ಎಲ್ಲಿ ಸೋರುತ್ತಿದೆ ಅಂತ ತಿಳಿಯೋಕೆ ಕೈಯ ನರಕ್ಕೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆಯುತ್ತಾರೆ. ಆ ಫೋಟೋ ನೋಡಿಕೊಂಡೇ ಲೇಸರ್ ಬಿಡೋದು. ಮೈ ಒಂದು ದಿನ ಹಳದಿಯಾಗುತ್ತೆ, ಹೆದರಬೇಡಿ ಅಂತ ಮಾಮನಿಗೆ ನಾನೇ ಹೇಳಿದ್ದೆ. ಮಾಮ ಮಾಮಿಗೆ ಹೇಳಲಿಲ್ಲ. ಮಾಮಿ ಕಾಮಾಲೆ ಅಂದುಕೊಂಡು ನೆಲನೆಲ್ಲಿ ಅರೆದು ಕುಡಿಸಿ, ಬರೀ ಮಜ್ಜಿಗೆ ಅನ್ನ ಹಾಕಿದರು. ಮರುದಿನ ಹಳದಿ ಮಾಯ!

ಲೇಸರಿಗೆ ಬಂದಾಗ ಮಾಮಿ ಡಾಕ್ಟರಮ್ಮನ ಮೇಜಿನ ಮೇಲೆ ಅದೇ ಸೊಪ್ಪಿನ ಒಂದು ಕಟ್ಟು ಇಟ್ಟರು. "ನಿಮ್ಮ ಪೇಷಂಟುಗಳಿಗೆಲ್ಲ ಕೊಡಿ, ಪಾಪ."

೩. ತಲೆ

ಲೇಸರಿಗೆ ಗದ್ದ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ, ಅಲ್ಲಾಡದೆ ಕೂರಬೇಕು. ಗುರಿ ಕೂದಲೆಳೆಯಷ್ಟು ತಪ್ಪಿದರೂ ಇದ್ದ ದೃಷ್ಟಿಯೂ ಹೋದೀತು. ಡಾಕ್ಟರಮ್ಮ "ಸರಿಯಾ ಮಾಮಾ?" ಅಂದರೆ ಸಾಕು, ಮಾಮನ ತಲೆ ಆ ಕಡೆ ಈ ಕಡೆ ತೂಗುತ್ತಿತ್ತು. "ಬಾಯಲ್ಲಿ ಹೇಳಿ" ಅಂದರೆ, "ಆಗಲಮ್ಮಾ" ಅಂತ ಮತ್ತೆ ತೂಗುತ್ತಿತ್ತು.

ಕೊನೆಗೆ ನಾನು ಹಿಂದೆ ನಿಂತು ಎರಡೂ ಕೈಯಲ್ಲಿ ತಲೆ ಹಿಡಿದೆ.

"ಗಟ್ಟಿಯಾಗಿ ಹಿಡಿದಿದ್ದೀಯಾ?" ಅಂದರು ಡಾಕ್ಟರಮ್ಮ.

ನಾನು ತಲೆಯಾಡಿಸಿದೆ. ನನ್ನ ತಲೆಯ ಜೊತೆ ನನ್ನ ಕೈ, ಕೈಯ ಜೊತೆ ಮಾಮನ ತಲೆ. ಪುಣ್ಯಕ್ಕೆ ಡಾಕ್ಟರಮ್ಮನ ಕಾಲು ಲೇಸರ್ ಬಿಡೋ ಪೆಡಲಿನ ಮೇಲಿರಲಿಲ್ಲ.

"ಇನ್ನು ಈ ಕೋಣೆಯಲ್ಲಿ ಯಾರನ್ನೂ ನಾನು ಏನೂ ಕೇಳಲ್ಲ," ಅಂದರು.

೪. ಕ್ಯಾಮೆರಾ

ಲೇಸರ್ ಮುಗಿದು ಮೂರು ತಿಂಗಳ ಮೇಲೆ ಮಾಮ, ಮಾಮಿ ಬಂದರು. ನಾಮ ದಾರ ಹಿಡಿದ ಹಾಗೆ ನೆಟ್ಟಗೆ! ನಾನು ಮಾಮಿಯ ಮುಖ ನೋಡಿದೆ. "ನನ್ನ ಕೈ ಅಲ್ಲಪ್ಪಾ, ಪೆರುಮಾಳ್ ಆಣೆ!"

ಕಣ್ಣಿನ ಫೋಟೋಗೆ ಹಣೆ ಒತ್ತಿ ಅಂದರೆ ಮಾಮ ಒಪ್ಪಲಿಲ್ಲ. "ಒತ್ತಿದರೆ ಅಳಿಸಿಹೋಗುತ್ತೆ. ಮೊದಲು ನಾಮದ ಫೋಟೋ ತೆಗಿ, ಆಮೇಲೆ ಕಣ್ಣಿಂದು."

ಡಾಕ್ಟರಮ್ಮ ನಗುತ್ತಾ ಕ್ಯಾಮೆರಾ ಹಿಂದೆ ಸರಿಸಿ, ಅಭ್ಯಾಸಬಲದಿಂದ ಕೇಳಿಯೇಬಿಟ್ಟರು: "ಸರಿಯಾ ಮಾಮಾ?" ಮಾಮನ ತಲೆ ತೂಗುವಾಗಲೇ ಕ್ಯಾಮೆರಾ ಕ್ಲಿಕ್ ಅಂದಿತು.

ಆಮೇಲೆ ತೆಗೆದ ಕಣ್ಣಿನ ಫೋಟೋದಲ್ಲಿ ಸೋರಿಕೆ ನಿಂತಿತ್ತು. ನಾಮದ ಫೋಟೋವನ್ನು ಮಾಮ ತಾವೇ ಕೈಗೆ ತಗೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಸೊಟ್ಟ ಬಂದಿದೆ. ಕ್ಯಾಮೆರಾ ಸರಿ ಇಲ್ಲಪ್ಪಾ, ಬದಲಾಯಿಸಿ."