ಕೊಟ್ರೇಶಪ್ಪನ ಸಿಂಕುಭೇದನ

ಎಲೈ, ನಲ್ಲಿಯಲ್ಲಿ ಮನಸ್ಸು ಬಂದಾಗ ಮಾತ್ರ ಅವತರಿಸುವ ಗಂಗಾಭವಾನಿಯೇ, ನಾಲಗೆಗೆ ಬಲ ಕೊಡು! ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತಖಂಡದ ದಾವಣಗೆರೆಯಲ್ಲಿ, ಬಾಡಿಗೆ ಮನೆಯೆಂಬ ಅರಮನೆಯನ್ನಾಳುತ್ತಿದ್ದ ಮಂಡಕ್ಕಿಪ್ರಿಯ, ಮಧ್ಯಾಹ್ನನಿದ್ರಾಧುರಂಧರ, ಸಕಲಗೃಹಕೃತ್ಯಪರಾಙ್ಮುಖ ಕೊಟ್ರೇಶಪ್ಪನ ಪರಾಕ್ರಮವನ್ನು ಹಾಡುತ್ತೇನೆ. ಆ ಮಹಾನುಭಾವನು ಹಳಸಿದ ಅಂಬಲಿಯನ್ನು ಅಡುಗೆಮನೆಯ ಸಿಂಕಿಗೆ ಸುರಿದು ಕೊಳವೆ ಕಟ್ಟಿಕೊಳ್ಳುವಂತೆ ಮಾಡಿದ್ದನು.

ಮಡದಿ ಗುರುಬಸಮ್ಮ ಸೆರಗು ಸಿಕ್ಕಿಸಿ ತೀರ್ಪು ಕೊಟ್ಟಳು: "ನೋಡ್ರಿ, ನೀವೇ ಬಿಡಿಸಿದ್ರೆ ಪಾತ್ರೆ ನಾನು ತಿಕ್ತೀನಿ. ಇಲ್ಲಾಂದ್ರೆ ಅಷ್ಟೂ ಹಿತ್ಲಾಗೆ ಕುಂತು ನೀವೇ ತಿಕ್ಬೇಕು."

ಮೂಲೆಯ ಪಾತ್ರೆರಾಶಿಯನ್ನು ಕಂಡು ವೀರನು ಎರಡು ಹೆಜ್ಜೆ ಹಿಂದೆ ಸರಿದನು. ಆದರೂ ಮೀಸೆ ತಿರುವಿ ಗರ್ಜಿಸಿದನು:

"ಎಲೌ ವೀರಪತ್ನಿ, ಕೇಳು! ಅಡುಗೆ ಸೋಡಾದ ಗರ್ಭದಲ್ಲಿ ಅನಿಲವೊಂದು ಸೆರೆಯಲ್ಲಿದೆ. ನಿಂಬೆಯ ಹುಳಿ ತಾಗಿದೊಡನೆ ಅದು ಬಂಧಮುಕ್ತವಾಗಿ, ಗುಳ್ಳೆಗುಳ್ಳೆಯಾಗಿ ಮೇಲೆದ್ದು ವೈರಿಯ ಮೂಳೆ ಮುರಿಯುವುದು. ಇಂದು ಈ ಕೊಳವೆಯನ್ನು ಭೇದಿಸದಿದ್ದರೆ ನನ್ನ ಹೆಸರು ಕೊಟ್ರೇಶಪ್ಪನೇ ಅಲ್ಲ!"

"ಆತು, ಮಿರ್ಚಿ ಬಜ್ಜಿಗೆ ಒಂಚೂರು ಸೋಡಾ ಉಳಿಸ್ರಿ," ಎಂದಳು ಆ ಸಾಧ್ವಿ.

ಅನಂತರ ಆ ನಿಂಬೆರಸಸಿಕ್ತಬಾಹುವು ಬಕೆಟ್ಟಿನಲ್ಲಿ ಸೋಡಾ ಸುರಿದು, ಮನೆಯಲ್ಲಿದ್ದ ಹಣ್ಣನ್ನೆಲ್ಲ ಹಿಂಡಿದನು. ಭುಸ್ಸೆಂದು ನೊರೆಯುಕ್ಕಿತು! ಅಕ್ಷೌಹಿಣಿ ಗುಳ್ಳೆಗಳು ಒಂದರ ಹೆಗಲೇರಿ ಒಂದು ಎದ್ದವು. ಕೊಟ್ರೇಶಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪಕ್ಕದ ಮನೆಯವರನ್ನು ಕೂಗಿ ಕರೆದನು, ಬಕೆಟ್ಟಿನ ಜೊತೆ ಫೋಟೋ ತೆಗೆಸಿಕೊಂಡನು, ಅದು ಚೆನ್ನಾಗಿ ಬರಲಿಲ್ಲವೆಂದು ಇನ್ನೊಂದು ತೆಗೆಸಿಕೊಂಡನು. ಅಷ್ಟರಲ್ಲಿ ಗುಳ್ಳೆಗಳೆಲ್ಲ ಒಡೆದು, ಸೇನೆಯು ಗಾಳಿಯಲ್ಲಿ ಗಾಳಿಯಾಗಿ ಹೋಗಿತ್ತು.

ಜಯಘೋಷದೊಂದಿಗೆ ಬಕೆಟ್ಟನ್ನು ಸಿಂಕಿಗೆ ಬೋರಲು ಹಾಕಿದನು. ನೀರು ಇಳಿಯುವುದಿರಲಿ, ಅಂಚು ದಾಟಿ ವೀರನ ಪಾದಪ್ರಕ್ಷಾಳನೆ ಮಾಡಿತು.

"ಅಲ್ರೀ, ಗುಳ್ಳೆ ಎಲ್ಲಾ ಬಕೆಟ್ಟಿನಾಗೇ ಹಾರಿಹೋದ್ವು! ಕಟ್ಟಿದ್ದು ಬಕೆಟ್ಟೋ, ಸಿಂಕೋ?" ಎಂದು ನಗುತ್ತ ಗುರುಬಸಮ್ಮ ನೀರನ್ನು ಚೊಂಬಿನಿಂದ ಮೊಗೆದು ಚೆಲ್ಲಿದಳು. ಉಳಿದಿದ್ದ ಸೋಡಾವನ್ನು ತೂತಿಗೇ ಹಾಕಿ, ಮೇಲೆ ಹುಣಸೆಹುಳಿ ಸುರಿದು, ಒದ್ದೆ ಬಟ್ಟೆಯಿಂದ ಬಾಯಿ ಒತ್ತಿ ಹಿಡಿದಳು. ಹೊರಬರಲು ದಾರಿ ಕಾಣದ ಗುಳ್ಳೆಗಳು ಒಳಗೇ ಗುಳುಗುಳು ಎಂದು ನುಗ್ಗಾಡಿದವು. ಆಕೆ ಬಟ್ಟೆ ತೆಗೆದು ಕುದಿನೀರು ಹೊಯ್ದದ್ದೇ ತಡ, ಗೊಳಕ್ಕೆಂದು ಕೊಳವೆ ಬಿಟ್ಟಿತು.

"ಗೆದ್ದೆವು! ದುಂದುಭಿಗಳು ಮೊಳಗಲಿ!" ಎಂದು ಕೊಟ್ರೇಶಪ್ಪ ಕುಣಿದನು.

"ಬಿಡಿಸಿದ್ಯಾರು?"

ಕುಣಿತ ನಿಂತಿತು. ದುಂದುಭಿಯೂ ಮೊಳಗಲಿಲ್ಲ.

"ಹೋಗ್ಲಿ ಬಿಡ್ರಿ," ಎಂದು ಆಕೆ ಕರುಣೆಯಿಂದ ಹೇಳಿದಳು, "ಹಿತ್ಲಿಗೆ ಹೋಗೋದೇನು ಬ್ಯಾಡ. ಸಿಂಕು ಸರಿ ಆಗೈತಲ್ಲ, ಇಲ್ಲೇ ನಿಂತು ತಿಕ್ರಿ."