ರೇಡಿಯೋದಲ್ಲಿ ಮಾತಾಡಿದ ಮೇಲೆ

ನಾನೊಬ್ಬ ಫೇಮಸ್ ಹೆಂಗಸು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಮಂಡಿನೋವು ಇರುವವರು ಮಂಡಿನೋವು ಇದೆ ಎಂದು ಹೇಳಿಕೊಳ್ಳುತ್ತಾರಲ್ಲ, ಹಾಗೆ ಹೇಳುತ್ತಿದ್ದೇನೆ. ಮಧುಗಿರಿಯ ಸಂತೆಗೆ ಹೋದರೆ ಸೊಪ್ಪು ಮಾರುವವಳು ಕೂಡ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದು ನನ್ನನ್ನು ತೋರಿಸುತ್ತಾಳೆ. ದಾರಿ ಬಿಡುತ್ತಾರೆ. ತರಕಾರಿಯ ಕ್ರಯದಲ್ಲಿ ಚೌಕಾಸಿ ಮಾಡುವುದು ನನ್ನಂಥವಳಿಗೆ ಶೋಭಿಸದು ಎಂದು ಅವರೇ ತೀರ್ಮಾನಿಸಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ. ಇಷ್ಟೆಲ್ಲ ಮರ್ಯಾದೆ ಮುಗಿಸಿಕೊಂಡು ಮನೆಗೆ ಬಂದು ಬೀಗ ತೆಗೆದರೆ, ಒಳಗೆ ಗಡಿಯಾರದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ‘ಹ್ಯುಮಿಲಿಟಿ, ಮೈ ಚೈಲ್ಡ್’ ಎಂದು ಅಷ್ಟು ಬಾರಿ ಹೇಳಿದ್ದು ಯಾಕೆ ಎಂಬುದು ಈ ವಯಸ್ಸಿನಲ್ಲಿ ಅರ್ಥವಾಗುತ್ತಿದೆ. ಅವರೇ ಪ್ರೈಜ್ ಡೇ ದಿನ ನನ್ನನ್ನು ಸ್ಟೇಜಿನ ಮೇಲೆ ನಿಲ್ಲಿಸಿ, ‘ಲಾಸ್ಟ್ ಬೆಂಚಿಗೆ ಕೇಳಿಸಬೇಕು’ ಎಂದು ಗಂಟಲು ಹರಿಯುವಂತೆ ರೆಸಿಟೇಷನ್ ಮಾಡಿಸುತ್ತಿದ್ದದ್ದು ಬೇರೆ ಮಾತು.

ನಾನು ಡಾಕ್ಟರರ ಹೆಂಡತಿಯಾಗಿ ಈ ಊರಿಗೆ ಬಂದ ಕಾಲದಲ್ಲಿ ಹೆಸರುವಾಸಿಯಾಗುವುದು ಸುಲಭದ ಕೆಲಸವಾಗಿರಲಿಲ್ಲ. ಮೊದಲು ಏನಾದರೂ ಮಾಡಬೇಕಿತ್ತು. ಅದನ್ನು ಜನ ಕಣ್ಣಾರೆ ಕಾಣಬೇಕಿತ್ತು. ಪುರವರದ ಕಡೆ ಒಬ್ಬ ರಾಗಿಮೂಟೆಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತುತ್ತಿದ್ದ. ಅವನ ಹೆಸರು ಅವನ ಕಾಲಿನಷ್ಟೇ ವೇಗವಾಗಿ ನಡೆಯುತ್ತಿತ್ತು. ಕೊರಟಗೆರೆಯವರೆಗೆ ಅವನು ಭೀಮ, ಶಿರಾದಲ್ಲಿ ಪೈಲ್ವಾನ್, ಪಾವಗಡ ಮುಟ್ಟುವ ಹೊತ್ತಿಗೆ ಅವನ ಕೀರ್ತಿ ಪೂರಾ ತೆಲುಗಾಗಿ, ಎತ್ತಿದ್ದು ಮೂಟೆಯಲ್ಲ ಗಾಡಿ ಎಂದಾಗಿರುತ್ತಿತ್ತು. ಆದರೂ ಅವನು ನಮ್ಮ ಬೀದಿಯಲ್ಲಿ ಹೋದರೆ ಮಕ್ಕಳು ಹಿಂದೆ ಓಡಿ, ‘ಮಾವ, ಹಲ್ಲು ತೋರ್ಸು’ ಎನ್ನುತ್ತಿದ್ದರು. ಅವನೂ ನಿಂತು ತೋರಿಸುತ್ತಿದ್ದ. ಕೀರ್ತಿವಂತನನ್ನು ಮಾವ ಎನ್ನಬಹುದಾಗಿದ್ದ ಕಾಲ ಅದು. ಆಮೇಲೆ ಕ್ಯಾಲೆಂಡರುಗಳು ಬಂದವು. ಕ್ಷೌರದಂಗಡಿಯ ಗೋಡೆಯ ಮೇಲೆ ಒಬ್ಬ ನಟಿ ಸೋಪು ಹಿಡಿದು ನಕ್ಕಳು. ಅವಳು ಯಾರು, ಯಾವ ಊರು, ಏನು ಮಾಡಿದ್ದಾಳೆ, ಒಬ್ಬರಿಗೂ ಗೊತ್ತಿಲ್ಲ. ಆದರೆ ಅವಳನ್ನು ಅರಿಯದವರೂ ಇಲ್ಲ. ಅವಳನ್ನು ಯಾರೂ ‘ಅಕ್ಕ, ನಿಲ್ಲು’ ಎನ್ನುವಂತಿರಲಿಲ್ಲ. ಪಾಪ, ಆ ಹುಡುಗಿಗೆ ಬೇಜಾರಾಗುವುದಿಲ್ಲವೇ ಎಂದು ಆಗ ನನಗೆ ತೋಚಲೇ ಇಲ್ಲ.

ಈಗ ನಂಜಮ್ಮನ ವಿಷಯ ಹೇಳಬೇಕು, ಅವಳಿಲ್ಲದೆ ಈ ಕತೆಯಿಲ್ಲ. ನಂಜಮ್ಮ ಹಿಂದಿನ ಬೀದಿಯ ಕಡಲೆಕಾಯಿ ಮಂಡಿಯವರ ಹೆಂಡತಿ. ನನ್ನ ಯಜಮಾನರು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ನಾನು ಬೆಂಗಳೂರಿನ ತವರಿಗೆ ಹೋಗದೆ ಇಲ್ಲೇ ಉಳಿದದ್ದಕ್ಕೆ ಎಲ್ಲರಿಗೂ ಏನೇನೋ ಕಾರಣ ಹೇಳಿದ್ದೇನೆ. ನಿಜವಾದ ಕಾರಣ ನಂಜಮ್ಮ. ನಮ್ಮ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರೆಲ್ಲ ಹುಣಸೆಹಣ್ಣು ಕುಟ್ಟಲು ಕೂರುತ್ತಾರೆ. ಇವತ್ತು ನಿಮ್ಮ ಮನೆಯದು, ನಾಳೆ ನಮ್ಮ ಮನೆಯದು. ಕುಟ್ಟುವ ಮರದ ಕೊಡತಿ ಮಾತ್ರ ಅವರವರದು ಅವರವರೇ ತರಬೇಕು. ನಂಜಮ್ಮ ಮಧ್ಯಾಹ್ನದ ಊಟವಾದ ಕೂಡಲೇ ಸೆರಗಿನಲ್ಲಿ ಕೊಡತಿ ಮುಚ್ಚಿಕೊಂಡು ಹಿತ್ತಿಲ ಕಡೆಯಿಂದ ನುಗ್ಗುತ್ತಿದ್ದಳು. ಹುಣಸೆಹಣ್ಣು ಮುಗಿದರೂ ಅವಳ ಬರವು ನಿಲ್ಲುತ್ತಿರಲಿಲ್ಲ. ಬರುವುದಕ್ಕೆ ಒಂದು ನೆಪವಿರಲಿ ಎಂದು ನಾನು ಬೇಕಾದ್ದಕ್ಕಿಂತ ಹೆಚ್ಚು ಹಣ್ಣು ಕೊಂಡಿಟ್ಟಿರುತ್ತಿದ್ದೆ. ಒಂಟಿ ಹೆಂಗಸಿನ ಮನೆಯಲ್ಲಿ ಜಾಡಿಗಟ್ಟಲೆ ಹುಣಸೆಹಣ್ಣು ಯಾಕೆ ಎಂದು ನೀವು ಕೇಳಿದರೆ ನನ್ನ ಉತ್ತರ ಅದು. ಕುಟ್ಟುವ ಕೆಲಸದಲ್ಲಿ ನಾನು ಹೋಪ್‌ಲೆಸ್. ‘ಏನ್ ಡಾಕ್ಟ್ರಮ್ಮ, ಬೀಜ ಇಟ್ಕೊಂಡು ಹಣ್ಣನ್ನೇ ಬಿಸಾಕ್ತಾ ಇದೀರಲ್ಲ, ಕಾನ್ವೆಂಟಲ್ಲಿ ಇಂಗೇ ಹೇಳ್ಕೊಟ್ರಾ?’ ಎಂದು ನಂಜಮ್ಮ ಛೇಡಿಸುತ್ತಿದ್ದಳು. ಒಂದೊಂದು ಏಟಿಗೆ ಒಂದೊಂದು ಮನೆಯ ಸುದ್ದಿ ಹೊರಬೀಳುತ್ತಿತ್ತು. ಯಾರ ಸೊಸೆ ಮುನಿಸಿಕೊಂಡಳು, ಯಾರ ಎಮ್ಮೆ ಕರು ಹಾಕಿತು, ಬಡವನಹಳ್ಳಿಯ ಯಾವ ಬೀಗರು ಊಟಕ್ಕೆ ಕೂತು ಎದ್ದುಹೋದರು. ನಾನು ಪೇಪರು ತರಿಸುತ್ತಿದ್ದೆ. ಆದರೆ ಓದಿದ್ದು ನೆನಪಿರುತ್ತಿರಲಿಲ್ಲ, ನಂಜಮ್ಮ ಹೇಳಿದ್ದು ಮರೆಯುತ್ತಿರಲಿಲ್ಲ.

ಹೀಗಿರುವಾಗ ಮೈಸೂರಿನಲ್ಲಿರುವ ನನ್ನ ಯಜಮಾನರ ಅಕ್ಕನ ಮಗ, ‘ಅತ್ತೆ, ಇಲ್ಲಿಯ ರೇಡಿಯೋದಲ್ಲಿ ಹೆಂಗಸರ ಕಾರ್ಯಕ್ರಮಕ್ಕೆ ಮಾತಾಡುವವರು ಬೇಕಂತೆ, ನಿಮ್ಮ ಹೆಸರು ಹೇಳಿದ್ದೇನೆ’ ಎಂದು ಕಾಗದ ಬರೆದ. ವಿಷಯ ಏನೆಂದರೆ, ಹುಣಸೆಹಣ್ಣನ್ನು ವರ್ಷವಿಡೀ ಕೆಡದಂತೆ ಇಡುವುದು. ಬೀಜಕ್ಕೂ ಹಣ್ಣಿಗೂ ವ್ಯತ್ಯಾಸ ತಿಳಿಯದ ನಾನು! ನಂಜಮ್ಮನನ್ನು ಕೇಳಿ ಕೇಳಿ ಪಾಠ ಮಾಡಿಕೊಂಡೆ. ‘ಉಪ್ಪು ಎಷ್ಟು ಹಾಕ್ಬೇಕು ಅಂತ ಹೇಳಿ ನಂಜಮ್ಮ’ ಎಂದರೆ, ‘ಹಾಕಿ ಕಣಮ್ಮ, ಕೈಗೆ ಗೊತ್ತಾಯ್ತದೆ’ ಎನ್ನುತ್ತಿದ್ದಳು. ಮೈಸೂರಿನಲ್ಲಿ ನನ್ನನ್ನು ಕಂಬಳಿ ಹೊದಿಸಿದಂತಿದ್ದ ಒಂದು ಕೋಣೆಯಲ್ಲಿ ಕೂರಿಸಿದರು. ನಾನು ಅಭ್ಯಾಸಬಲದಿಂದ ಲಾಸ್ಟ್ ಬೆಂಚಿಗೆ ಕೇಳುವಂತೆ ಒಂದು ವಾಕ್ಯ ಹೇಳಿ ನೋಡಿದೆ. ಅನೌನ್ಸರ್ ಹುಡುಗ ಕಿವಿ ಮುಚ್ಚಿಕೊಂಡ. ‘ಅಮ್ಮ, ಇಲ್ಲಿ ಜನವಿಲ್ಲ. ಎದುರಿಗೆ ನಿಮ್ಮ ಸ್ನೇಹಿತೆ ಒಬ್ಬರು ಕೂತಿದ್ದಾರೆ ಅಂದುಕೊಳ್ಳಿ. ಅವರ ಹತ್ತಿರ ಮಾತಾಡಿ’ ಎಂದ. ಅಂದುಕೊಂಡೆ. ಎಷ್ಟು ಚೆನ್ನಾಗಿ ಅಂದುಕೊಂಡೆನೆಂದರೆ, ಕೆಂಪು ದೀಪ ಹತ್ತಿದ್ದೂ ಮರೆತು ಹರಟೆ ಹೊಡೆಯುತ್ತ ಹೋಗಿ, ನಡುವೆ ‘ಅಲ್ಲವೇ ನಂಜಮ್ಮ, ನಾರು ತೆಗೆಯದಿದ್ದರೆ ಹುಳ ಬೀಳುತ್ತದಲ್ಲವೇ?’ ಎಂದು ಕೇಳಿಯೂಬಿಟ್ಟೆ. ಅವಳು ಉತ್ತರ ಕೊಡಲಿ ಎಂದು ಒಂದು ಕ್ಷಣ ಕಾದೆ ಕೂಡ.

ಆ ಸಂಜೆ ನಮ್ಮ ಊರಿನ ಪುರಸಭೆಯ ಪಾರ್ಕಿನಲ್ಲಿ, ಮರದ ಕೊಂಬೆಗೆ ಕಟ್ಟಿದ ರೇಡಿಯೋ ಕಹಳೆಯ ಕೆಳಗೆ ಇಡೀ ಊರು ಕೂತಿತ್ತಂತೆ. ನನಗೆ ಇದೆಲ್ಲ ಗೊತ್ತಾದದ್ದು ಹಾಲಿನ ಕೆಂಪಿಯಿಂದ. ‘ನೀವು ನಂಜಮ್ಮ ಅಂದ್ರಲ್ಲ, ಮಂಡಿ ಯಜಮಾನ್ರು ಯಾರೋ ಅವ್ರ ಹೆಂಡ್ರನ್ನ ಕರುದ್ರು ಅಂತ ಎದ್ದು ನಿಂತ್ಬುಟ್ರು ಕಣಮ್ಮ! ಜನ ಎಲ್ಲಾ ಬಿದ್ದೂ ಬಿದ್ದೂ ನಕ್ಕ್ರು.’ ಊರಿಗೆಲ್ಲ ಕೇಳಿಸಿದ ನನ್ನ ಮಾತು ನನಗೊಬ್ಬಳಿಗೆ ಮಾತ್ರ ಕೇಳಿಸಿರಲಿಲ್ಲ. ಹಾಗಾಗಿ ನಾನು ಹೇಗೆ ಫೇಮಸ್ ಆದೆ ಎಂಬುದನ್ನು ನಾನು ಇವತ್ತಿಗೂ ಇನ್ನೊಬ್ಬರ ಬಾಯಿಂದಲೇ ನಂಬಬೇಕು.

ಆಮೇಲೆ ಬಂದವರನ್ನು ನೋಡಬೇಕಿತ್ತು. ಬರೀ ನೋಡಿಕೊಂಡು ಹೋಗುವುದಕ್ಕೆ ಬಂದವರೇ ಹೆಚ್ಚು. ಜಗಲಿಯ ಮೇಲೆ ಕೂತು, ನಾನು ಉಸಿರಾಡುವುದನ್ನು ಗಮನಿಸಿ ಎದ್ದುಹೋಗುತ್ತಿದ್ದರು. ಒಬ್ಬಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಹೊಳವನಹಳ್ಳಿಯಿಂದ ಬಂದ ಒಬ್ಬ ಹೆಂಗಸು ಮಾತ್ರ ಕೇಳಿಯೇ ಬಿಟ್ಟಳು. ಅವಳ ಮಗ ಯುದ್ಧಕ್ಕೆ ಹೋಗಿದ್ದಾನೆ, ಎಲ್ಲಿದ್ದಾನೆ ಗೊತ್ತಿಲ್ಲ. ‘ಆ ಪೆಟ್ಗೇಲಿ ನಮ್ಮುಡುಗನ್ನ ಒಂದ್ಸಲ ಎಸ್ರಿಡಿದು ಕೂಗಿ ತಾಯಿ. ಅವ್ವ ಉಸಾರಾಗವ್ಳೆ ಅನ್ನಿ, ಸಾಕು.’ ಮೈಸೂರಿನ ರೇಡಿಯೋ ಅಷ್ಟು ದೂರ ಕೇಳಿಸುವುದಿಲ್ಲ ಎಂದು ಸಮಾಧಾನವಾಗಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ‘ವಸಿ ಜೋರಾಗಿ ಕೂಗುದ್ರೆ?’ ಎಂದಳು. ನನ್ನ ಎಲೊಕ್ಯೂಷನ್ ಮೆಡಲುಗಳೆಲ್ಲ ಆ ಹೊತ್ತು ಯಾವ ಪ್ರಯೋಜನಕ್ಕೂ ಬರಲಿಲ್ಲ.

ಆದರೆ ನಂಜಮ್ಮ ಬರಲಿಲ್ಲ. ಬಹಳ ದಿನಗಳಾದ ಮೇಲೆ ಬಂದಾಗ, ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಮುಂಬಾಗಿಲಿನಿಂದ ಬಂದಳು. ಚಾಪೆಯ ಅಂಚಿನಲ್ಲಿ ಕೂತಳು. ಕೊಡತಿ ಇಲ್ಲ.

‘ತಾವು ಚೆನ್ನಾಗಿದೀರಾ?’ ಎಂದಳು.

ಡಿಯರ್ ಮೀ! ನಂಜಮ್ಮನ ಬಾಯಲ್ಲಿ ‘ತಾವು’ ಕೇಳಿ, ನನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ‘ಊರಲ್ಲಿ ಏನು ಸಮಾಚಾರ?’ ಎಂದು ಕೇಳಿದೆ. ‘ಏನೂ ಇಲ್ಲ’ ಎಂದಳು. ಮಧುಗಿರಿಯಲ್ಲಿ ಏನೂ ಇಲ್ಲ ಎಂದು ನಂಜಮ್ಮ ಹೇಳಿದ್ದು ಅದೇ ಮೊದಲು. ಕೆಂಪಿಯನ್ನು ವಿಚಾರಿಸಿದಾಗ ಕಾರಣ ತಿಳಿಯಿತು. ಮಂಡಿ ಯಜಮಾನರು ಮನೆಗೆ ಹೋಗಿ, ‘ಆಯಮ್ಮನ ಹತ್ರ ಇನ್ನೂ ಏನೇನ್ ಹೇಳಿದೀಯೆ?’ ಎಂದು ರೇಗಿದರಂತೆ. ‘ನಿಮ್ ಕಿವೀಗ್ ಬಿದ್ದಿದ್ದು ಮೈಸೂರ್‌ಗೋಗಿ ಅಲ್ಲಿಂದ ಎಲ್ಲಾ ಊರ್ಗೂ ಬತ್ತದಂತೆ ಕಣಮ್ಮ. ಅದ್ಕೇ ಯಾರೂ ನಿಮ್ಮತ್ರ ಬಾಯ್ ಬುಡಾಕಿಲ್ಲ’ ಎಂದಳು ಕೆಂಪಿ. ಹಾಗೆ ಹೇಳಿದವಳು ತಾನೂ ಹೆದರಿ, ಹಾಲಿಗೆ ನೀರು ಬೆರೆಸಿಲ್ಲವೆಂದು ಕೇಳದೆಯೇ ಆಣೆ ಇಟ್ಟು ಹೋದಳು.

ಆ ಬೇಸಿಗೆ ಹುಣಸೆಹಣ್ಣನ್ನು ನಾನೊಬ್ಬಳೇ ಕುಟ್ಟಿದೆ. ಒಂಟಿ ಕೊಡತಿಯ ಸದ್ದು ಎಷ್ಟು ಕೆಟ್ಟದ್ದು ಎಂದು ಹೇಳಿದರೆ ನಿಮಗೆ ಅರ್ಥವಾಗದು. ನಡುನಡುವೆ ‘ಅಲ್ಲವೇ’ ಎನ್ನುತ್ತಿದ್ದೆ. ಇಲ್ಲಿ ಕೆಂಪು ದೀಪವೂ ಇರಲಿಲ್ಲ. ಅಷ್ಟರಲ್ಲಿ ಮೈಸೂರಿನಿಂದ ಇನ್ನೊಂದು ಭಾಷಣಕ್ಕೆ ಕರೆ ಬಂತು. ಮೊದಲಿನದು ಬಹಳ ಚೆನ್ನಾಗಿತ್ತೆಂದು ನಿಲಯದ ಹಿರಿಯರೇ ಹೇಳಿ ಕಳಿಸಿದ್ದರು. ನಾನು ಒಲ್ಲೆನೆಂದೆ. ಕೆಂಪಿಯ ಹತ್ತಿರ ಮಾತ್ರ, ಆದಷ್ಟು ಅಳುಮುಖ ಮಾಡಿಕೊಂಡು, ಬೇರೆ ಕತೆ ಹೇಳಿದೆ. ‘ರೇಡಿಯೋದವರು ನನ್ನನ್ನು ಬೇಡ ಅಂದುಬಿಟ್ಟರು ಕೆಂಪಿ. ನನ್ನ ಧ್ವನಿ ಸರಿಯಿಲ್ಲವಂತೆ. ಇನ್ನು ಯಾವತ್ತೂ ಕರೆಯುವುದಿಲ್ಲವಂತೆ.’ ಕೆಂಪಿ ಹಾಲು ಹಾಕುವ ಮನೆಗಳ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು.

ಮಾರನೆಯ ಮಧ್ಯಾಹ್ನ ಹಿತ್ತಿಲ ಬಾಗಿಲು ಕಿರ್ರೆಂದಿತು. ನಂಜಮ್ಮ! ಸೆರಗಿನಲ್ಲಿ ಕೊಡತಿ. ‘ಎದ್ದೇಳಿ ಡಾಕ್ಟ್ರಮ್ಮ, ಒಬ್ರೇ ಕುಟ್ಟಿ ಕುಟ್ಟಿ ಹಣ್ಣೆಲ್ಲ ಹಾಳ್ಮಾಡ್ಬುಟ್ಟಿದೀರಿ’ ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಕೂತಳು. ಅವಳು ಕೂಡಿಟ್ಟ ಸುದ್ದಿಗಳು ಒಂದರ ಮೇಲೊಂದು ಬಂದವು. ಕೊನೆಗೆ ಗಾಣದ ಮನೆಯ ಸೊಸೆಯ ಕತೆಗೆ ಬಂದಳು. ಆ ಹುಡುಗಿ ಶಿರಾದ ತವರಿಗೆ ಹೋಗಿ ಕೂತಿದ್ದಳಂತೆ. ಗಂಡ ಕರೆಯಲು ಹೋದನಂತೆ. ‘ಓಗಿ ಬಾಗ್ಲಲ್ಲಿ ನಿಂತವ್ನೆ. ಬಾರೇ ಮನೀಗೆ ಅಂದವ್ನೆ. ಒಳಗಿಂದ ಇವ್ಳು...’ ಎಂದವಳು ಒಂದು ಬೀಜ ಕಿತ್ತೆಸೆಯಲು ಮಾತು ನಿಲ್ಲಿಸಿದಳು. ಹಾಗೆ ನಿಲ್ಲಿಸಿದಾಗಲೇ ನನ್ನನ್ನು ಸಮಾಧಾನ ಮಾಡುವ ಬುದ್ಧಿ ಅವಳಿಗೆ ಬಂತು. ‘ನೀವೇನ್ ಬೇಜಾರ್ ಮಾಡ್ಕೋಬೇಡಿ ಕಣಮ್ಮ. ರೇಡಿಯೋದವ್ರು ಹೇಳಿದ್ದು ಸರೀಗೇ ಐತೆ. ಆವತ್ತು ಕೇಳ್ದಾಗ ನಂಗೂ ಅಂಗೇ ಅನ್ನುಸ್ತು. ನೆಗಡಿ ಬಂದಿರೋ ಮೇಕೆ ಅರಚ್ದಂಗಿತ್ತು. ಊರಲ್ಲಿ ಎಲ್ರೂ ಅದ್ನೇ ಅಂದ್ರು.’

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಬೇಕೆಂದು ನನಗೆ ಗೊತ್ತೂ ಇತ್ತು. ಆದರೆ ಮೇಕೆ! ಅದೂ ನೆಗಡಿ ಬಂದದ್ದು! ಪ್ರೈಜ್ ಡೇ ದಿನದ ಆ ಹುಡುಗಿ ನನ್ನೊಳಗಿನಿಂದ ದಡಕ್ಕನೆ ಎದ್ದು, ಲಾಸ್ಟ್ ಬೆಂಚಿಗೆ ಕೇಳುವಂತೆ ಹೇಳಿಯೇಬಿಟ್ಟಳು: ‘ಯಾರು ಹೇಳಿದ್ದು? ಅಲ್ಲಿಯ ದೊಡ್ಡವರೇ ಎಕ್ಸಲೆಂಟ್ ಅಂದಿದ್ದಾರೆ! ಮತ್ತೆ ಬನ್ನಿ ಅಂತ ಕರೆದಿದ್ದಾರೆ!’

ನಂಜಮ್ಮ ಕೊಡತಿಯನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನನ್ನು ನೋಡಿದಳು, ಕ್ಯಾಲೆಂಡರನ್ನು ನೋಡುವ ಹಾಗೆ. ‘ಅಂಗಾದ್ರೆ ಮತ್ತೆ ಓಗ್ತೀರಿ’ ಎಂದಳು. ಹೋಗುವುದಿಲ್ಲ, ಒಲ್ಲೆ ಅಂದಿದ್ದೇನೆ, ಎಂದು ನಾನು ಬೇಡಿಕೊಳ್ಳುವ ಹಾಗೆ ಹೇಳಿದೆ. ಅವಳು ಕೊಡತಿಗೆ ಮೆತ್ತಿದ ಹಣ್ಣನ್ನು ಉಗುರಿನಿಂದ ಕೆರೆದು ನನ್ನ ಜಾಡಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಎದ್ದಳು.

‘ನಂಜಮ್ಮ, ಆ ಗಾಣದ ಮನೆ ಸೊಸೆ ಒಳಗಿಂದ ಏನಂದಳು?’

‘ಏನಿಲ್ಲ ಬುಡಿ’ ಎಂದಳು.

ಕೆಂಪಿಯನ್ನು ಕೇಳಿದೆ, ಆಣೆಗೂ ಗೊತ್ತಿಲ್ಲ ಎಂದಳು. ಗಾಣದವನನ್ನೇ ಕೇಳೋಣವೆಂದು ಬೇಡದ ಎಣ್ಣೆ ಕೊಳ್ಳಲು ಹೋದೆ. ಅವನು ಎದ್ದು ನಿಂತು ಕೈಮುಗಿದು, ಒಳಗೆ ಹೋಗಿಬಿಟ್ಟ. ಅವಳು ಏನಂದಿರಬಹುದು ಎಂದು ದಿನವೂ ಕೂತು ನಾನೇ ಒಂದೊಂದು ಉತ್ತರ ಕಟ್ಟುತ್ತಿದ್ದೇನೆ. ಕೆಲವು ಬಹಳ ಚೆನ್ನಾಗಿವೆ. ಹೇಳೋಣವೆಂದರೆ ಮೈಸೂರಿನ ಆ ಮೈಕನ್ನು ಬಿಟ್ಟು ಬೇರೆ ಯಾರೂ ಸಿಗುತ್ತಿಲ್ಲ.